ಮಂಜೇಶ್ವರದ ಗ್ರಂಥಭಂಡಾರ: ಗೋವಿಂದ ಪೈಯವರ ಸಂಗ್ರಹ ಮತ್ತು ಅದರ ಮುಂದುವರಿಕೆ

ಕನ್ನಡ ಸಂಶೋಧನೆಯ ಇತಿಹಾಸವನ್ನು ಅರಮನೆ, ಸರಕಾರಿ ಇಲಾಖೆ ಹಾಗೂ ಮಿಶನ್ ಸಂಸ್ಥೆಗಳ ಆಶ್ರಯದ ಹಿನ್ನೆಲೆಯಲ್ಲಿ ವಿವರಿಸುವುದು ರೂಢಿ. ಈ ಆಶ್ರಯದ ಹೊರಗಿದ್ದು, ತಮ್ಮ ಮನೆಯನ್ನೇ ಗ್ರಂಥಾಲಯವಾಗಿಸಿ ಇತರ ವಿದ್ವಾಂಸರಿಗೆ ನೆರವಾದವರೂ ಇದ್ದಾರೆ. ಮಂಜೇಶ್ವರದ ಎಂ. ಗೋವಿಂದ ಪೈ (1883–1963) ಅಂಥವರಲ್ಲಿ ಪ್ರಮುಖರು.

'ಗಿಳಿವಿಂಡು', 'ಗೊಲ್ಗೊಥಾ' ಕಾವ್ಯಗಳ ಕರ್ತೃವೆಂದು ನಾಡು ಅವರನ್ನು ಬಲ್ಲದು. 1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. ಆದರೆ ಶಾಸನ, ಕವಿಕಾಲ ನಿರ್ಣಯ ಮತ್ತು ತುಳುನಾಡಿನ ಪ್ರಾಚೀನ ಇತಿಹಾಸಗಳಲ್ಲಿ ಅವರು ನಡೆಸಿದ ಶೋಧಕ್ಕೆ ಆಧಾರವಾದುದು ಅವರ ಗ್ರಂಥಸಂಗ್ರಹ. ಸಮೀಪದಲ್ಲಿ ವಿಶ್ವವಿದ್ಯಾಲಯವಾಗಲಿ ಪ್ರಾಚ್ಯಸಂಶೋಧನಾಲಯವಾಗಲಿ ಇಲ್ಲದ ಕಡಲತಡಿಯ ಊರಿನಲ್ಲಿ ಹಲವು ಭಾಷೆಗಳ ಗ್ರಂಥಗಳನ್ನು ಕೂಡಿಸುವುದು ಹವ್ಯಾಸವಲ್ಲ, ಅನಿವಾರ್ಯತೆಯಾಗಿತ್ತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನವನ್ನು ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ ಪ್ರಕಟಿಸಿದರು. ಮರುವರ್ಷವೇ ಹುಲ್ಟ್ಸ್ ಅದರಲ್ಲಿ ಕನ್ನಡ ಮಾತುಗಳಿವೆಯೆಂದು ಸೂಚಿಸಿದರು. ಮುಂದೆ ಈ ಚರ್ಚೆಯಲ್ಲಿ ಮಂಜೇಶ್ವರದಿಂದಲೇ ಪಾಲ್ಗೊಳ್ಳಲು ಪೈಯವರಿಗೆ ಸಾಧ್ಯವಾದುದು ಇಂಥ ಸಿದ್ಧತೆಯಿಂದ.

ಈ ಸಂಗ್ರಹ ಅವರೊಬ್ಬರ ಸ್ವತ್ತಾಗಿ ಉಳಿಯಲಿಲ್ಲ. ಪ್ರಶ್ನೆ ಕೇಳಿ ಬರೆದವರಿಗೆ ಅವರು ಪತ್ರಮುಖೇನ ಮಾಹಿತಿ ಒದಗಿಸುತ್ತಿದ್ದರು. ವಿದ್ವಾಂಸರ ನಡುವಣ ಇಂಥ ಪತ್ರವ್ಯವಹಾರವು ಮುದ್ರಿತ ಪ್ರಬಂಧದಷ್ಟೇ ಬೆಲೆಯುಳ್ಳ ಸಂಶೋಧನ ಸಾಮಗ್ರಿಯೆಂಬುದನ್ನು ಮರೆಯಬಾರದು.

ಸಂಗ್ರಾಹಕನ ನಿಧನಾನಂತರ ಗ್ರಂಥಗಳ ಗತಿಯೇನು ಎಂಬುದು ಎಲ್ಲ ಖಾಸಗಿ ಭಂಡಾರಗಳನ್ನೂ ಕಾಡುವ ಪ್ರಶ್ನೆ. ಪಾಲಾಗುವುದು, ಗೆದ್ದಲಿಗೆ ತುತ್ತಾಗುವುದು, ರದ್ದಿಗೆ ಸೇರುವುದು ಸಾಮಾನ್ಯ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮಂಜೇಶ್ವರವು ಕೇರಳಕ್ಕೆ ಸೇರಿತ್ತು. ಪೈಯವರ ನಿಧನದ ಬಳಿಕ ಅವರ ಗ್ರಂಥಭಂಡಾರವು ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿಗೆ ಸಂದಿತು. ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರ ರೂಪುಗೊಂಡಿತು. 1979ರಲ್ಲಿ ಆ ಕೇಂದ್ರದಲ್ಲಿ ತುಳು ನಿಘಂಟು ಯೋಜನೆ ಆರಂಭವಾಯಿತು. ಯು. ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ನಿಘಂಟಿನ 6 ಸಂಪುಟಗಳು ಹೊರಬಂದವು. ಪಾಡ್ದನ, ಗಾದೆ, ಕಸುಬಿನ ಮಾತುಗಳೆಂಬ ಮೌಖಿಕ ಸಂಪತ್ತು ಈ ಸಂಪುಟಗಳಲ್ಲಿ ದಾಖಲಾಯಿತು.

ಮಂಜೇಶ್ವರದ ಮನೆ ಇಂದು 'ಗಿಳಿವಿಂಡು' ಹೆಸರಿನ ಸ್ಮಾರಕ. ಗ್ರಂಥಗಳು ಹುಟ್ಟೂರನ್ನು ಬಿಟ್ಟದ್ದು ಗಡಿನಾಡಿಗೆ ಒಂದು ನಷ್ಟವೇ ಸರಿ. ಆದರೂ ಅವು ಚದುರದೆ ಒಂದೆಡೆ ನೆಲೆನಿಂತು, ಹೊಸ ತಲೆಮಾರಿನ ಅಧ್ಯಯನಕ್ಕೆ ನೆಲೆಯೊದಗಿಸಿದವು. ಹಳ್ಳಿಹಳ್ಳಿಯ ಮನೆಗಳಲ್ಲಿ ಪೂಜೆಗೊಳ್ಳುತ್ತ, ಬಿಚ್ಚದೆ ಉಳಿದಿರುವ ಓಲೆಗರಿಯ ಕಟ್ಟುಗಳ ವಿಷಯದಲ್ಲಿಯೂ ಈ ಮಾದರಿ ಅನುಸರಣೀಯವಾಗಿದೆ.