ಇಎಸ್‌ಆರ್ ಹೇಳದ ಸೋಂಕು: ತಾಳವಾಡಿ ಸೀಮೆಯ ಕಡೆಯಿಂದ ಒಂದು ಪರೀಕ್ಷೆಯ ಚರಿತ್ರೆ

ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಏರಿದರೆ ಸಿಗುವ ತಾಳವಾಡಿ ಸೀಮೆ, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮದ್ರಾಸಿಗೇ ಉಳಿದರೂ, ಮಾತಿನಲ್ಲೂ ನಂಟಸ್ತನದಲ್ಲೂ ಚಾಮರಾಜನಗರದ ಕಡೆಗೆ ಮುಖಮಾಡಿದ ನಾಡು. ಇಲ್ಲಿನ ಕಾಡಂಚಿನ ಸೋಲಿಗರು ಗಡಿಯಾಚೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬಳಗದವರೇ. ಬಿಳಿಗಿರಿಯ ಸೋಲಿಗರಲ್ಲಿ ಕಂಡುಬಂದಿರುವ ಕುಡುಗೋಲು ಕಣ ರಕ್ತಹೀನತೆ, ಅಂದರೆ ಕೆಂಪು ರಕ್ತಕಣಗಳು ದುಂಡಗಿರದೆ ಬಾಗಿಕೊಳ್ಳುವ ವಂಶಪಾರಂಪರ್ಯದ ಕಾಯಿಲೆ, ಕೀಲು ಬದಲಿ ಶಸ್ತ್ರಚಿಕಿತ್ಸೆಯ ರಕ್ತಪರೀಕ್ಷೆಗಳ ಚರಿತ್ರೆಯಲ್ಲಿರುವ ಒಂದು ಕೊರತೆಯನ್ನು ಎತ್ತಿ ತೋರಿಸುತ್ತದೆ.

ಪೋಲಿಷ್ ವೈದ್ಯ ಬಿಯೆರ್ನಾಟ್ಸ್ಕಿ 1897ರಲ್ಲಿ ವಿವರಿಸಿದ, ಸ್ವೀಡನ್ನಿನ ಫಾರಿಯಸ್ ಮತ್ತು ವೆಸ್ಟರ್‌ಗ್ರೆನ್ 1920ರ ಆಸುಪಾಸಿನಲ್ಲಿ ರೂಢಿಗೆ ತಂದ ಇಎಸ್‌ಆರ್ ಪರೀಕ್ಷೆಯು ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿ ರಕ್ತಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿದವೆಂದು ಅಳೆಯುತ್ತದೆ. ಉರಿಯೂತವಾದಾಗ ರಕ್ತದಲ್ಲಿ ಫೈಬ್ರಿನೋಜೆನ್ ಎಂಬ ಪ್ರೋಟೀನು ಹೆಚ್ಚಿ, ಕಣಗಳು ನಾಣ್ಯಗಳಂತೆ ಒಂದರ ಮೇಲೊಂದು ಅಂಟಿಕೊಂಡು ಬೇಗ ಇಳಿಯುತ್ತವೆ. ಕೊಳವೆಯೂ ಗಡಿಯಾರವೂ ಇದ್ದರೆ ಸಾಕಾದ್ದರಿಂದ, ಸಣ್ಣ ಆಸ್ಪತ್ರೆಗಳು ಇದನ್ನು ನೆಚ್ಚಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಯಕೃತ್ತು ತಯಾರಿಸುವ ಸಿಆರ್‌ಪಿ ಎಂಬ ಇನ್ನೊಂದು ಸೂಚಕ 1930ರಲ್ಲಿ ನ್ಯೂಯಾರ್ಕಿನಲ್ಲಿ ಪತ್ತೆಯಾಯಿತು. ಜಾನ್ ಚಾರ್ನ್‌ಲಿ 1962ರಲ್ಲಿ ಇಂಗ್ಲೆಂಡಿನ ರೈಟಿಂಗ್‌ಟನ್‌ನಲ್ಲಿ ಆಧುನಿಕ ಸೊಂಟದ ಕೀಲು ಜೋಡಣೆಗೆ ತಳಪಾಯ ಹಾಕಿದ ಮೇಲೆ, ಲೋಹದ ಕೀಲಿನ ಸುತ್ತ ಅಡಗುವ ಸೋಂಕೇ ಅದರ ದೊಡ್ಡ ಶತ್ರುವಾಗಿ, ಈ ಎರಡೂ ಪರೀಕ್ಷೆಗಳು ಕಾವಲಿಗೆ ನಿಂತವು.

ಭಾರತದಲ್ಲಿ ಕುಡುಗೋಲು ಕಣವನ್ನು ಲೆಹ್ಮನ್ ಮತ್ತು ಕಟ್‌ಬುಷ್ 1952ರಲ್ಲಿ ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲಿ ಗುರುತಿಸಿದರು. ಈ ಕಾಯಿಲೆಯವರಲ್ಲಿ ತೊಡೆಮೂಳೆಯ ತಲೆಗೆ ರಕ್ತ ಹರಿಯದೆ ಅದು ಸಾಯುವುದುಂಟು. ಹಾಗಾಗಿ ಕೀಲು ಬದಲಿಸುವ ಅಗತ್ಯ ಇವರಿಗೆ ಚಿಕ್ಕ ವಯಸ್ಸಿನಲ್ಲೇ ಎದುರಾಗುತ್ತದೆ, ಗುಲ್ಮ ಕೆಟ್ಟಿರುವುದರಿಂದ ಸೋಂಕಿನ ಅಪಾಯವೂ ಹೆಚ್ಚು. ವಿಪರ್ಯಾಸವೆಂದರೆ ಬಾಗಿದ ಕಣಗಳು ಒಂದರ ಮೇಲೊಂದು ಕೂರಲಾರವು, ಆದ್ದರಿಂದ ಒಳಗೆ ಕೀವಿದ್ದರೂ ಇಎಸ್‌ಆರ್ ಕಡಿಮೆಯೇ ತೋರಬಹುದು. ಶಸ್ತ್ರಚಿಕಿತ್ಸೆಗೆ ಮುನ್ನ ಮಧುಮೇಹವನ್ನೂ ಅದರಿಂದಾಗುವ ಸೋಂಕಿನ ಅಪಾಯವನ್ನೂ ಅಂದಾಜಿಸುವ ಎಚ್‌ಬಿಎ1ಸಿ ಪರೀಕ್ಷೆಗೂ ಇದೇ ಗತಿ, ಏಕೆಂದರೆ ಕಣಗಳ ಆಯುಸ್ಸು ಕಡಿಮೆಯಾದಷ್ಟೂ ಅವುಗಳಿಗೆ ಸಕ್ಕರೆ ಅಂಟುವ ಕಾಲವೂ ಕಡಿಮೆ. ನೋವಿನ ಬಾಧೆ ಕೆರಳಿದಾಗ ಸೋಂಕಿಲ್ಲದೆಯೂ ಏರುವ ಸಿಆರ್‌ಪಿಯೊಂದನ್ನೇ ನಂಬಲಾಗದೆ, ಕೊನೆಗೆ ಸೂಜಿಯಿಂದ ಕೀಲಿನ ದ್ರವ ತೆಗೆದು, ಅದರ ಬಿಳಿಕಣಗಳನ್ನು ಎಣಿಸಿ, ಸೂಕ್ಷ್ಮಾಣುಗಳನ್ನು ಬೆಳೆಸಿ ನೋಡಬೇಕಾಗುತ್ತದೆ.