ಬಾಟಲಿಯೊಳಗಿನ ಸಂಚು, ಹೊರಗಿನ ಅನುಮಾನ

2006ರ ಆಗಸ್ಟ್ 10ರಂದು, ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ತುಂಬಿ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉರುಳಿಸುವ ಸಂಚನ್ನು ಮುರಿದೆವು ಎಂದು ಲಂಡನ್ ಪೊಲೀಸರು ಸಾರಿದಾಗ ಬ್ರಿಟನ್ನಿನಲ್ಲೇ ಅನೇಕರು ಹುಬ್ಬೇರಿಸಿದರು. ಅದನ್ನು ಸಿನಿಕತನ ಎನ್ನಲಾಗದು. ಇರಾಕಿನಲ್ಲಿ ಇವೆ ಎಂದಿದ್ದ ಸಮೂಹನಾಶಕ ಅಸ್ತ್ರಗಳು ಸಿಕ್ಕಿರಲಿಲ್ಲ. 2005ರ ಜುಲೈನಲ್ಲಿ ಸ್ಟಾಕ್‌ವೆಲ್ ನಿಲ್ದಾಣದಲ್ಲಿ ನಿರಪರಾಧಿ ಬ್ರೆಜಿಲ್ ಯುವಕನನ್ನು ಪೊಲೀಸರು ಗುಂಡಿಕ್ಕಿ ಕೊಂದಿದ್ದರು. ಈ ಪ್ರಕಟಣೆಗೆ ಎರಡು ತಿಂಗಳ ಹಿಂದಷ್ಟೇ ಫಾರೆಸ್ಟ್ ಗೇಟ್‌ನಲ್ಲಿ ರಾಸಾಯನಿಕ ಬಾಂಬು ಹುಡುಕಿ ಮನೆಗೆ ನುಗ್ಗಿ, ಒಬ್ಬನಿಗೆ ಗುಂಡು ಹಾರಿಸಿ, ಬರಿಗೈಲಿ ಮರಳಿದ್ದರು. ಈ ಸಲವೂ ಬಾಂಬು ಸಿದ್ಧವಿರಲಿಲ್ಲ, ಟಿಕೆಟ್ ಕೊಂಡಿರಲಿಲ್ಲ.

ಸಿದ್ಧವಾಗುವವರೆಗೆ ಕಾಯಬೇಕಿತ್ತೇ ಎಂಬ ಮರುಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಹೈಡ್ರೋಜನ್ ಪೆರಾಕ್ಸೈಡ್, ಆತ್ಮಾಹುತಿ ವಿಡಿಯೊಗಳು, ಏಳು ವಿಮಾನಗಳ ವಿವರವಿದ್ದ ಮೆಮೊರಿ ಸ್ಟಿಕ್ ನಿಜಕ್ಕೂ ಸಿಕ್ಕಿದ್ದವು. ಆದರೂ 2008ರಲ್ಲಿ ಜ್ಯೂರಿ ಮೂವರನ್ನು ಕೊಲೆಸಂಚಿಗಷ್ಟೇ ತಪ್ಪಿತಸ್ಥರೆಂದಿತು, ವಿಮಾನದ ಆರೋಪದಲ್ಲಿ ಒಮ್ಮತ ಮೂಡಲಿಲ್ಲ. ಪಾಕಿಸ್ತಾನದೊಂದಿಗಿನ ಇಮೇಲ್‌ಗಳನ್ನು ಮುಂದಿಟ್ಟ 2009ರ ಮರುವಿಚಾರಣೆಯಲ್ಲಿ ಅದೂ ಸಾಬೀತಾಯಿತು. ಅನುಮಾನಿಸಿದವರು ಸೋತರು ಎನ್ನೋಣವೇ? ಸಂಚೇ ಕಟ್ಟುಕಥೆ ಎಂದವರು ಸೋತರು, ಸಂಶಯವಿಲ್ಲ. ಸಾಕ್ಷ್ಯ ತೋರಿಸಿ ಎಂದವರ ಮಾತು ಬೇರೆ. ಅವರ ಪಟ್ಟಿನ ಬೆಲೆ ತಿಳಿಯಲು ಬೆಂಗಳೂರಿಗರು ದೂರ ಹೋಗಬೇಕಿಲ್ಲ: 2007ರ ಜುಲೈನಲ್ಲಿ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿತರಾದ ಬೆಂಗಳೂರಿನ ವೈದ್ಯ ಮೊಹಮ್ಮದ್ ಹನೀಫ್ ಅವರ ಸಿಮ್ ಕಾರ್ಡ್ ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲಿನ ದಾಳಿಗೆ ಬಳಸಿದ ಜೀಪಿನಲ್ಲಿತ್ತು ಎಂದು ಕೋರ್ಟಿಗೆ ಹೇಳಲಾಯಿತು. ಅದಿದ್ದದ್ದು ಲಿವರ್‌ಪೂಲ್‌ನಲ್ಲಿ. ಪತ್ರಕರ್ತರು ಕೆದಕಿದರು, ಆ ತಿಂಗಳೊಳಗೇ ಆರೋಪ ಕೈಬಿಡಲಾಯಿತು.