ಲೊಕ್ಕಿಗುಂಡಿಯ ಪ್ರಾಭಾಕರ ಶಾಲೆಯೂ ಧರ್ಮಶಾಸ್ತ್ರಾಧ್ಯಾಪಕರ ವೃತ್ತಿಯೂ

ಕರ್ಣಾಟಕದಲ್ಲಿ ರಚಿತವಾಗಿ ಭರತಖಂಡದ ನ್ಯಾಯಸ್ಥಾನಗಳಲ್ಲಿ ಪ್ರಮಾಣವೆನಿಸಿದ ಗ್ರಂಥಗಳಲ್ಲಿ ವಿಜ್ಞಾನೇಶ್ವರನ ಮಿತಾಕ್ಷರೆಗೆ ಸಮನಾದುದು ಬೇರೊಂದಿಲ್ಲ. ವಂಗ, ಅಸಮ ದೇಶಗಳನ್ನುಳಿದು ಮಿಕ್ಕ ಪ್ರಾಂತಗಳಲ್ಲಿ ದಾಯವಿಭಾಗದ ವ್ಯಾಜ್ಯಗಳು ಶತಮಾನಗಳ ಕಾಲ ಈ ವ್ಯಾಖ್ಯಾನವನ್ನೇ ಮುಂದಿಟ್ಟುಕೊಂಡು ತೀರ್ಮಾನವಾಗುತ್ತ ಬಂದುವು. ಗ್ರಂಥಕರ್ತನ ದೇಶ, ಕಾಲ, ಆಶ್ರಯದಾತರ ವಿಷಯವಾಗಿ ವಿದ್ವಾಂಸರು ಬಹಳ ಶ್ರಮಪಟ್ಟಿದ್ದಾರೆ. ಆದರೆ ಅಂತಹ ಗ್ರಂಥವನ್ನು ಬರೆಯಬಲ್ಲ, ಬರೆದುದನ್ನು ಓದಿಸಬಲ್ಲ ಪಂಡಿತವರ್ಗವು ಯಾರ ಅನ್ನದಿಂದ ಬೆಳೆಯಿತೆಂಬ ಪ್ರಶ್ನೆಗೆ ಅಷ್ಟು ಗಮನ ಸಂದಿಲ್ಲ. ಈ ಪ್ರಶ್ನೆಗೆ ಬೆಳ್ವೊಲ ನಾಡಿನ ಒಂದು ಶಿಲಾಶಾಸನವು ಕೊಡುವ ಉತ್ತರವನ್ನು ವಾಚಕರ ಅವಧಾನಕ್ಕೆ ತರುವುದೇ ಪ್ರಕೃತ ಲೇಖನದ ಉದ್ದೇಶ.

ಗದಗ, ಅದರ ನೆರೆಯ ಕಳಸಾಪುರ, ಲಕ್ಕುಂಡಿ ಈ ಊರುಗಳಿರುವ ಎರೆಭೂಮಿಯು ಪೂರ್ವದಲ್ಲಿ ಬೆಳ್ವೊಲ ಮುನ್ನೂರಕ್ಕೆ ಸೇರಿದ್ದಿತು. ಗದಗಕ್ಕೆ ಕ್ರತುಕವೆಂದೂ ಲಕ್ಕುಂಡಿಗೆ ಲೊಕ್ಕಿಗುಂಡಿಯೆಂದೂ ಶಾಸನಗಳಲ್ಲಿ ಹೆಸರು. ಅತ್ತಿಮಬ್ಬೆಯು ಕ್ರಿ. ಶ. ೧೦೦೭ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದುದು ಈ ಲೊಕ್ಕಿಗುಂಡಿಯಲ್ಲಿಯೇ. ಅಲ್ಲಿಂದ ಮುಂದೆ ಒಂದು ಶತಮಾನ ತುಂಬುವುದರೊಳಗೆ ಅದೇ ಊರಿಗೆ ಇನ್ನೊಂದು ಬಗೆಯ ದಾನವು ಸಂದಿತು. ಆರನೆಯ ವಿಕ್ರಮಾದಿತ್ಯನ ೨೩ನೆಯ ಆಳ್ವಿಕೆಯ ವರ್ಷದ, ಎಂದರೆ ಕ್ರಿ. ಶ. ೧೦೯೮-೯೯ರ, ಗದಗದ ಶಾಸನವು ದಂಡನಾಯಕ ಸೋಮೇಶ್ವರಭಟ್ಟನು ಲೊಕ್ಕಿಗುಂಡಿಯಲ್ಲಿ ಪ್ರಾಭಾಕರ ಮತವನ್ನು ಬೋಧಿಸುವ ಶಾಲೆಗೆ ದತ್ತಿ ಬಿಟ್ಟುದನ್ನು ತಿಳಿಸುತ್ತದೆ. ದೇವರ ಅಂಗಭೋಗಕ್ಕೂ ಕೆರೆಯ ಜೀರ್ಣೋದ್ಧಾರಕ್ಕೂ ಬಿಟ್ಟ ದತ್ತಿಗಳ ನಡುವೆ, ಶಾಸ್ತ್ರದ ಒಂದು ಪ್ರಸ್ಥಾನವನ್ನು ಹೆಸರಿಸಿ ಅದರ ಪಾಠಕ್ಕೆಂದೇ ಬಿಟ್ಟ ಈ ದತ್ತಿಯು ಪ್ರತ್ಯೇಕವಾಗಿ ಎಣಿಸತಕ್ಕದ್ದಾಗಿದೆ.

ಪ್ರಾಭಾಕರ ಮತವು ಯಜ್ಞಕರ್ಮಕ್ಕೆ ಸಂಬಂಧಿಸಿದ ಮೀಮಾಂಸೆಯ ಒಂದು ಶಾಖೆ. ಇದಕ್ಕೂ ನ್ಯಾಯವಿಚಾರಣೆಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವು ನಿಕಟವಾದುದು. ಎರಡು ವಚನಗಳು ಒಂದಕ್ಕೊಂದು ವಿರುದ್ಧವಾದಾಗ ಯಾವುದು ಬಲವತ್ತರ? ಯಾವ ವಾಕ್ಯವು ವಿಧಿ, ಯಾವುದು ಬರಿಯ ಅರ್ಥವಾದ? ನಿಯಮವನ್ನು ಮೀರಿದವನ ಕಾರ್ಯವೇ ಅಸಿದ್ಧವೊ, ಇಲ್ಲವೆ ಅವನಿಗೆ ದೋಷ ಮಾತ್ರವೊ? ಇವೆಲ್ಲಕ್ಕೂ ಕ್ರಮವನ್ನು ಕಟ್ಟಿಕೊಟ್ಟುದು ಮೀಮಾಂಸಾಶಾಸ್ತ್ರ. ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯಾ ಎಂಬ ಆರು ಪ್ರಮಾಣಗಳಲ್ಲಿ ಹಿಂದಿನದು ಮುಂದಿನದಕ್ಕಿಂತ ಪ್ರಬಲವೆಂಬ ನಿಯಮವನ್ನು ತಿಳಿಯದವನು ಸ್ಮೃತಿಗಳನ್ನು ಕಂಠಪಾಠ ಮಾಡಬಹುದೇ ಹೊರತು ಅವುಗಳಿಂದ ತೀರ್ಪನ್ನು ತೆಗೆಯಲಾರನು. ಧರ್ಮಶಾಸ್ತ್ರವನ್ನು ಹೇಳಿಕೊಡಬೇಕೆನ್ನುವವನಿಗೆ ಮೀಮಾಂಸೆಯೇ ಮೊದಲ ಮೆಟ್ಟಿಲು.

ಇದಕ್ಕೆ ಮಿತಾಕ್ಷರೆಯೇ ಸಾಕ್ಷಿ. ದಾಯವಿಭಾಗ ಪ್ರಕರಣದ ಆರಂಭದಲ್ಲಿ ವಿಜ್ಞಾನೇಶ್ವರನು ಸ್ವತ್ವವು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೊ, ಇಲ್ಲವೆ ಲೋಕಸಿದ್ಧವೊ ಎಂಬ ಪ್ರಶ್ನೆಯನ್ನೆತ್ತುತ್ತಾನೆ. ಶಾಸ್ತ್ರವನ್ನೇ ಕಾಣದ ಗಡಿನಾಡಿನ ಜನರಲ್ಲಿಯೂ ಕ್ರಯವಿಕ್ರಯಗಳು ನಡೆಯುತ್ತವೆ. ಆದುದರಿಂದ ಸ್ವತ್ವವು ಲೌಕಿಕವೆಂಬುದು ಅವನ ಸಿದ್ಧಾಂತ. ಈ ವಾದದಲ್ಲಿ ಅವನು ಆಧಾರವಾಗಿ ಕರೆಯುವುದು ಜೈಮಿನಿಯ ಲಿಪ್ಸಾಸೂತ್ರವನ್ನು. ಆ ಸೂತ್ರದ ವಿವರಣೆಗೆ ಅವನು ಹೆಸರಿಸುವುದು ‘ಗುರು’ವನ್ನು. ಮೀಮಾಂಸಕರ ಪರಿಭಾಷೆಯಲ್ಲಿ ಗುರುವೆಂದರೆ ಪ್ರಭಾಕರನೇ. ದ್ರವ್ಯಾರ್ಜನೆಯ ನಿಯಮವನ್ನು ಮೀರಿದರೆ ದೋಷವು ಪುರುಷನಿಗೆ ತಟ್ಟುವುದು, ಅವನು ಮಾಡುವ ಯಜ್ಞಕ್ಕೆ ತಟ್ಟದು ಎಂಬ ವಿಚಾರದಿಂದ ಹೊರಟು, ಮಗನಿಗೆ ಪಿತೃದ್ರವ್ಯದಲ್ಲಿ ಜನ್ಮದಿಂದಲೇ ಸ್ವತ್ವವುಂಟೆಂಬ ನಿರ್ಣಯಕ್ಕೆ ವಿಜ್ಞಾನೇಶ್ವರನು ಹಾದಿ ಮಾಡಿಕೊಳ್ಳುತ್ತಾನೆ. ಅವನು ಲೊಕ್ಕಿಗುಂಡಿಯ ಶಾಲೆಯಲ್ಲಿ ಓದಿದನೆಂದು ನನ್ನ ವಾದವಲ್ಲ. ಅದೇ ವಿಕ್ರಮಾದಿತ್ಯನ ಕಾಲದಲ್ಲಿ, ಅದೇ ರಾಜ್ಯದಲ್ಲಿ, ಒಬ್ಬ ದಂಡನಾಯಕನು ಯಾವ ಶಾಸ್ತ್ರದ ಪಾಠಕ್ಕೆ ದತ್ತಿ ಬಿಟ್ಟನೋ ಅದೇ ಶಾಸ್ತ್ರವನ್ನು ಕಲ್ಯಾಣವನ್ನು ಕೊಂಡಾಡಿದ ಗ್ರಂಥಕಾರನು ವ್ಯವಹಾರನಿರ್ಣಯಕ್ಕೆ ಉಪಯೋಗಿಸಿದನೆಂಬುದಷ್ಟೇ ನನ್ನ ಅಭಿಪ್ರಾಯ.

ಈ ದತ್ತಿಯು ಒಂಟಿಯಾದುದೂ ಅಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಕ್ರಿ. ಶ. ೯೪೫ರಷ್ಟು ಹಿಂದೆಯೇ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಶಾಲೆಯನ್ನು ಕಟ್ಟಿಸಿದ್ದನು. ನಾನಾದೇಶಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ ೨೭ ಮನೆಗಳು, ದೀಪಕ್ಕೆ ಭೂಮಿ, ಉಪಾಧ್ಯಾಯನಿಗೆ ಭೂಮಿ, ಇವಲ್ಲದೆ ಊರವರ ಮದುವೆ, ಉಪನಯನ, ಚೌಲಗಳಲ್ಲಿ ಶಾಲೆಗೆ ಸಲ್ಲಬೇಕಾದ ಕಾಣಿಕೆ, ಇಷ್ಟೂ ಅಲ್ಲಿ ನಿಯತವಾಗಿದ್ದುವು. ಕಲಬುರ್ಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದಲ್ಲಿ ಕ್ರಿ. ಶ. ೧೦೫೮ರ ವ್ಯವಸ್ಥೆಯಂತೆ ೨೦೦ ಮಂದಿ ವೇದಾಧ್ಯಾಯಿಗಳೂ ೫೨ ಮಂದಿ ಶಾಸ್ತ್ರಾಧ್ಯಾಯಿಗಳೂ ಇದ್ದರು. ಭಾಟ್ಟದರ್ಶನ, ನ್ಯಾಸ, ಪ್ರಾಭಾಕರಗಳಿಗೆ ಮೂವರು ಅಧ್ಯಾಪಕರೂ ಪುಸ್ತಕಗಳನ್ನು ಕಾಯಲು ಆರು ಮಂದಿ ಸರಸ್ವತೀಭಂಡಾರಿಗರೂ ನೇಮಕವಾಗಿದ್ದರು. ಅನ್ನ, ವಸತಿ, ದೀಪ, ಪುಸ್ತಕ, ಗುರು ಈ ಐದನ್ನೂ ಭೂಮಿಯ ಹುಟ್ಟುವಳಿಯ ಮೇಲೆ ನಿಲ್ಲಿಸಿದುದೇ ಈ ದತ್ತಿಗಳ ಮರ್ಮ. ಓದುವವನು ಹೊಟ್ಟೆಪಾಡಿಗಾಗಿ ನಡುವೆ ಓದನ್ನು ಬಿಡಬಾರದು. ಓದಿ ಮುಗಿಸಿದವನು ಓದಿಸುವವನಾಗಬೇಕು. ಆದರೆ ಅದರ ಬಾಗಿಲು ಕಿರಿದಾಗಿದ್ದಿತೆಂಬುದನ್ನೂ ಹೇಳಬೇಕು. ವೇದಾಧಿಕಾರವುಳ್ಳ ಪುರುಷರಿಗೆ ಮಾತ್ರ ಅಲ್ಲಿ ಪ್ರವೇಶ. ಆ ಶಾಸ್ತ್ರದ ತೀರ್ಪಿಗೆ ಒಳಪಟ್ಟ ಹೆಚ್ಚಿನ ಜನಕ್ಕೂ ಸಮಸ್ತ ಸ್ತ್ರೀಯರಿಗೂ ಅದನ್ನು ಓದುವ ಪೀಠದಲ್ಲಿ ಸ್ಥಾನವಿರಲಿಲ್ಲ.

ಪಾಶ್ಚಾತ್ಯರಲ್ಲಿ ಇದರ ಸಾದೃಶ್ಯವಿದೆ. ಬೊಲೊನ್ಯ ನಗರದಲ್ಲಿ ಇರ್ನೇರಿಯಸನು ರೋಮನ್ ನ್ಯಾಯಸಂಹಿತೆಗೆ ಟಿಪ್ಪಣಿ ಬರೆಯುತ್ತಿದ್ದುದು ಸುಮಾರಾಗಿ ಮಿತಾಕ್ಷರೆಯ ಕಾಲವೇ. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ನ್ಯಾಯದ ಬೋಧನೆಯು ನೆಲೆಗೊಂಡುದು ಚಾರ್ಲ್ಸ್ ವೈನರನ ಮರಣಶಾಸನದಿಂದ. ಅವನು ಪ್ರಾಧ್ಯಾಪಕಪೀಠವೊಂದಕ್ಕೇ ಅಲ್ಲದೆ, ಮುಂದೆ ಬೋಧಕರಾಗಬಲ್ಲ ಫೆಲೊಗಳಿಗೂ ವಿದ್ಯಾರ್ಥಿಗಳಿಗೂ ವೇತನವನ್ನೇರ್ಪಡಿಸಿದನು. ೧೭೫೮ರಲ್ಲಿ ಆ ಪೀಠವನ್ನು ಮೊದಲು ಏರಿದವನು ಬ್ಲಾಕ್‌ಸ್ಟನನು. ಅವನ ಉಪನ್ಯಾಸಗಳಿಂದ ಹುಟ್ಟಿದ ಗ್ರಂಥವು ಇಂಗ್ಲಿಷ್ ನ್ಯಾಯಕ್ಕೆ ಕೈಪಿಡಿಯಾಯಿತು. ಕಲಕತ್ತೆಯಲ್ಲಿ ಪ್ರಸನ್ನಕುಮಾರ ಟಾಗೋರರ ದತ್ತಿಯ ಉಪನ್ಯಾಸಮಾಲೆಯಲ್ಲಿ ೧೯೦೫ರಲ್ಲಿ ಕಿಶೋರಿಲಾಲ ಸರ್ಕಾರರು ಆರಿಸಿಕೊಂಡ ವಿಷಯವು ಹಿಂದೂ ನ್ಯಾಯಕ್ಕೆ ಅನ್ವಯಿಸಿದ ಮೀಮಾಂಸಾನಿಯಮಗಳೆಂಬುದು ಗಮನಾರ್ಹ.

ಅಧ್ಯಾಪಕಪರಂಪರೆಯು ನ್ಯಾಯಪೀಠದಿಂದ ದೂರವಾದರೆ ಆಗುವ ಹಾನಿಗೆ ಒಂದು ನಿದರ್ಶನ ಸಾಕು. ಯಾಜ್ಞವಲ್ಕ್ಯನು ಸ್ತ್ರೀಧನದ ಬಗೆಗಳನ್ನೆಣಿಸುತ್ತ ಕೊನೆಯಲ್ಲಿ ‘ಆದ್ಯ’ ಶಬ್ದವನ್ನಿಟ್ಟಿದ್ದಾನೆ. ಅದರಿಂದ ದಾಯವಾಗಿ ಬಂದುದು, ಕೊಂಡುದು, ವಿಭಾಗದಲ್ಲಿ ದೊರೆತುದು ಮೊದಲಾದುವೆಲ್ಲ ಸ್ತ್ರೀಧನವೇ ಆಗುವುವೆಂದು ವಿಜ್ಞಾನೇಶ್ವರನು ಅರ್ಥಮಾಡಿದನು. ಸ್ತ್ರೀಧನವೆಂಬುದು ಯೌಗಿಕ ಶಬ್ದ, ಪಾರಿಭಾಷಿಕವಲ್ಲ. ಅವಯವಾರ್ಥವು ಹೊಂದುತ್ತಿರುವಾಗ ಪರಿಭಾಷೆಯನ್ನು ಕಲ್ಪಿಸುವುದು ಅಯುಕ್ತವೆಂಬುದು ಅವನ ಯುಕ್ತಿ. ೧೮೧೦ರಲ್ಲಿ ಕೋಲ್‌ಬ್ರೂಕನ ಭಾಷಾಂತರವು ಹೊರಬಂದಿತು. ೧೮೬೪ರಲ್ಲಿ ನ್ಯಾಯಾಲಯಗಳ ಪಂಡಿತರ ಹುದ್ದೆಗಳು ರದ್ದಾದುವು. ೧೯೦೩ರಲ್ಲಿ ಪ್ರಿವಿ ಕೌನ್ಸಿಲು ಸ್ತ್ರೀಯಿಂದ ಸ್ತ್ರೀಗೆ ದಾಯವಾಗಿ ಬಂದ ಆಸ್ತಿಯನ್ನು ಸಹ ಸ್ತ್ರೀಧನವೆಂದು ಒಪ್ಪಲಿಲ್ಲ. ಗದಗವೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಮಗಳು ದಾಯವಾಗಿ ಪಡೆದುದಕ್ಕೆ ಪೂರ್ಣಸ್ವಾಮ್ಯವು ಉಳಿದುಕೊಂಡಿತಾದರೂ ಇತರ ಪ್ರಾಂತಗಳಲ್ಲಿ ಅವಳು ಜೀವಿತಾವಧಿಯ ಅನುಭೋಗಕ್ಕೆ ಮಾತ್ರ ಹಕ್ಕುಳ್ಳವಳಾದಳು. ಶಬ್ದಾರ್ಥದಿಂದ ಎಂಟು ಶತಮಾನಗಳ ಹಿಂದೆ ಸಿದ್ಧಿಸಿದ್ದ ಪೂರ್ಣಸ್ವಾಮ್ಯವನ್ನು ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಶಾಸನಬಲದಿಂದ ಕೊಡಬೇಕಾಯಿತು.

ಮಿತಾಕ್ಷರೆಯ ಕಥೆಯು ಅಲ್ಲಿಗೂ ಮುಗಿಯಲಿಲ್ಲ. ೧೯೯೪ರಲ್ಲಿ ಕರ್ಣಾಟಕವೂ ೨೦೦೫ರಲ್ಲಿ ಭಾರತದ ಸಂಸತ್ತೂ ಮಗಳನ್ನು ಜನ್ಮದಿಂದಲೇ ಸಹದಾಯಾದಳನ್ನಾಗಿ ಮಾಡಿದಾಗ, ಆ ವಿಧಿಗಳು ಮಿತಾಕ್ಷರೆಗೊಳಪಟ್ಟ ಅವಿಭಕ್ತಕುಟುಂಬವನ್ನು ಕುರಿತೇ ರಚಿತವಾದುವು; ಜನ್ಮಸ್ವತ್ವವೆಂಬ ತತ್ತ್ವವೇ ವಿಸ್ತಾರಗೊಂಡಿತು. ಅದನ್ನು ಬೋಧಿಸಲು ಬೆಳಗಾವಿಯಲ್ಲಿ ೧೯೩೯ರಿಂದ ರಾಜಾ ಲಖಮಗೌಡ ನ್ಯಾಯಶಾಸ್ತ್ರ ಕಾಲೇಜೂ ಹುಬ್ಬಳ್ಳಿಯಲ್ಲಿ ೨೦೦೯ರಿಂದ ರಾಜ್ಯ ಕಾನೂನು ವಿಶ್ವವಿದ್ಯಾಲಯವೂ ಇವೆ. ಕಟ್ಟಡವೂ ಪುಸ್ತಕವೂ ನಾಗಾವಿಯಲ್ಲಿ ಇದ್ದುವು. ಅವುಗಳೊಡನೆ, ನಾಳೆ ಗುರುವಾಗತಕ್ಕ ಇಂದಿನ ವಿದ್ಯಾರ್ಥಿಗೂ ವೃತ್ತಿಯಿದ್ದಿತು. ನ್ಯಾಯವನ್ನು ಕಲಿತವನು ವಕೀಲಿಯ ಸಂಪಾದನೆಯನ್ನು ತೊರೆದು ಬೋಧಕನಾಗಬೇಕಾದರೆ ಈ ವೃತ್ತಿಯು ಇಂದಿಗೂ ಆವಶ್ಯಕ. ಪ್ರಾಭಾಕರ ಪ್ರಸ್ಥಾನವು ಕಾಲಕ್ರಮದಲ್ಲಿ ಪಾಠದಿಂದ ಮರೆಯಾಯಿತು. ೧೯೧೧ರಲ್ಲಿ ಗಂಗಾನಾಥ ಝಾ ಅವರು ಅದನ್ನು ಗ್ರಂಥರೂಪದಲ್ಲಿ ವಿವರಿಸುವ ವೇಳೆಗೆ ಓದಿಸುವ ಪರಂಪರೆಯು ಕಡಿದುಹೋಗಿ ಹಸ್ತಪ್ರತಿಗಳೇ ಗುರುಗಳಾಗಿದ್ದುವು. ಲಕ್ಕುಂಡಿಯಲ್ಲಿ ಗುಡಿಗಳು ಉಳಿದುವು, ಶಾಲೆ ಉಳಿಯಲಿಲ್ಲ. ಮಿತಾಕ್ಷರೆಯ ಚರಿತ್ರೆಯನ್ನು ಬರೆಯುವವರು ಕಲ್ಯಾಣದ ಅರಸನ ಹೆಸರಿನೊಡನೆ ಈ ದಂಡನಾಯಕನ ಹೆಸರನ್ನೂ ಬರೆದುಕೊಳ್ಳುವುದು ಉಚಿತ.